ಡಿಸ್ನಿಗೆ ಹೊರಟಿದ್ದೇವೆ, ರಾತ್ರಿ ದೊಡ್ಡ ಹೋಟೆಲಿನ ಊಟಕ್ಕೆ ಏನು ಹಾಕಿಕೊಂಡು ಹೋಗಬೇಕು?

ಟಿಳಕವಾಡಿಯವ:

ನಮಸ್ಕಾರ ಎಲ್ಲರಿಗೂ. ಬೆಳಗಾವಿಯಿಂದ ಬರೆಯುತ್ತಿದ್ದೇನೆ. ಮೇ ಕೊನೆಯ ವಾರ ನಾನು, ಮನೆಯವಳು, 12 ವರ್ಷದ ಮಗಳು ಮತ್ತು ನಮ್ಮ ಅವ್ವ ಅಮೆರಿಕಕ್ಕೆ ಹೊರಟಿದ್ದೇವೆ. ಮಗಳಿಗೆ ಶಾಲೆ ಶುರುವಾದ ಮೇಲೂ ನಾಲ್ಕು ದಿನ ರಜೆ ಹಾಕಿಸಬೇಕು, ಅದು ಬೇರೆ ಕಥೆ. ನನ್ನ ತಂಗಿ ಅಲ್ಲೇ ಇದ್ದಾಳೆ. ಅವಳೇ ಒರ್ಲಾಂಡೊದ ಡಿಸ್ನಿ ವರ್ಲ್ಡ್ ಟಿಕೆಟ್ ಮಾಡಿಸಿದ್ದಾಳೆ. ಅಷ್ಟಕ್ಕೇ ಬಿಟ್ಟಿದ್ದರೆ ಚಿಂತೆ ಇರಲಿಲ್ಲ, ಎರಡು ದೊಡ್ಡ ಹೋಟೆಲುಗಳಲ್ಲಿ ರಾತ್ರಿ ಊಟಕ್ಕೂ ಬುಕ್ ಮಾಡಿದ್ದಾಳೆ. ಒಂದು ಕ್ಯಾಲಿಫೋರ್ನಿಯಾ ಗ್ರಿಲ್, ಎಲ್ಲರೂ ಸೇರಿ. ಇನ್ನೊಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್ ಅಂತೆ, ನಮ್ಮ ಲಗ್ನವಾಗಿ ಹದಿನೈದು ವರ್ಷ ಆಯಿತೆಂದು ನಮ್ಮಿಬ್ಬರಿಗೆ ಮಾತ್ರ.

ಈಗ ಸಮಸ್ಯೆ ಏನೆಂದರೆ, ಬೆಳಿಗ್ಗೆ ಎಂಟಕ್ಕೆ ಪಾರ್ಕಿಗೆ ಹೋದವರು ದಿನವಿಡೀ ಬಿಸಿಲಲ್ಲಿ ಸುತ್ತಿ, ಬೆವರಿ, ನೀರಿನ ಆಟದಲ್ಲಿ ತೊಯ್ದು, ರಾತ್ರಿ ಎಂಟಕ್ಕೆ ಟೈ ಕಟ್ಟಿಕೊಂಡು ಊಟಕ್ಕೆ ಕೂಡಬೇಕೇ? ನನ್ನ ಹತ್ತಿರ ಲಗ್ನಕ್ಕೆ ಹೊಲಿಸಿದ ಒಂದು ಕೋಟು ಇದೆ. ಗುಂಡಿ ಹಾಕಿದರೆ ಉಸಿರು ನಿಲ್ಲುತ್ತದೆ. ಮಗಳ ಬ್ಯಾಗಿನಲ್ಲಿ ಇರುವುದೆಲ್ಲ ಮೊಣಕಾಲು ಹರಿದ ಜೀನ್ಸ್. ‘ರೊಕ್ಕ ಕೊಟ್ಟು ಹರಿದದ್ದು ತಂದಿಯೇನು’ ಎಂದು ಅವ್ವ ಇನ್ನೂ ಬೈಯುತ್ತಿದ್ದಾಳೆ. ಅವ್ವನಂತೂ ಎಲ್ಲಿಗೆ ಹೋದರೂ ಇಳಕಲ್ ಸೀರೆಯೇ, ಅದೂ ಕಚ್ಚೆ ಹಾಕಿ ಉಡುವ ಹದಿನೆಂಟು ಮೊಳದ್ದು. ಬೇರೆ ಏನೂ ಉಡುವುದಿಲ್ಲ. ಬಾಗಿಲಲ್ಲಿ ಯಾರಾದರೂ ತಡೆದರೆ ಅವ್ವನಿಗೆ ಬೇಜಾರಾಗುತ್ತದೆ ಎಂಬುದೇ ನನ್ನ ಭಯ. ಹೋಗಿ ಬಂದವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ.

ಗುಳೇದಗುಡ್ಡದ ಅಳಿಯ:

ಅಣ್ಣಾರೆ, ಮೊದಲು ಆ ಕೋಟನ್ನು ಅರ್ಧ ಮರೆತುಬಿಡಿ. ಅರ್ಧ ಯಾಕೆಂದರೆ ನಿಮ್ಮ ತಂಗಿ ಬುಕ್ ಮಾಡಿರುವ ಎರಡು ಜಾಗಕ್ಕೂ ಅಜಗಜಾಂತರ ಇದೆ.

ನಾನು ಫ್ಲೋರಿಡಾದಲ್ಲಿ ಇದ್ದು ಆರು ವರ್ಷ ಆಯಿತು. ಊರಿಂದ ಬಂದವರನ್ನೆಲ್ಲ ಡಿಸ್ನಿಗೆ ಕರೆದುಕೊಂಡು ಹೋಗುವುದೇ ನನ್ನ ಎರಡನೇ ಉದ್ಯೋಗ. ಕ್ಯಾಲಿಫೋರ್ನಿಯಾ ಗ್ರಿಲ್ ಇರುವುದು ಕಂಟೆಂಪರರಿ ರಿಸಾರ್ಟಿನ 15ನೇ ಮಹಡಿಯಲ್ಲಿ. ಅಲ್ಲಿ ಟೈ ಕಟ್ಟಿದವರನ್ನು ನಾನು ನೋಡಿದ್ದು ಕಡಿಮೆ. ಕಾಲರ್ ಇರುವ ಅಂಗಿ, ಒಂದು ನೆಟ್ಟಗಿನ ಪ್ಯಾಂಟು, ಸಾಕು. ಹರಿಯದ ಜೀನ್ಸ್ ಕೂಡ ನಡೆಯುತ್ತದೆ. ಅವರು ಬೇಡ ಅನ್ನುವುದು ಈಜುವ ಬಟ್ಟೆ, ಬನಿಯನ್ ತರಹದ ತೋಳಿಲ್ಲದ ಅಂಗಿ, ಹರಿದದ್ದು, ಇಂಥವು. ಅಂದರೆ ಮಗಳ ಜೀನ್ಸ್ ವಿಷಯದಲ್ಲಿ ಡಿಸ್ನಿಯವರು ನಿಮ್ಮ ಅವ್ವನ ಕಡೆ ಇದ್ದಾರೆ.

ಆದರೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್ ಹಾಗಲ್ಲ ರೀ. ಅದು ಗ್ರ್ಯಾಂಡ್ ಫ್ಲೋರಿಡಿಯನ್ ಹೋಟೆಲಿನೊಳಗೆ ಇದೆ, 2024ರಲ್ಲಿ ಮಿಶೆಲಿನ್ ಸ್ಟಾರ್ (ಒಳ್ಳೆಯ ಅಡುಗೆಗೆ ಕೊಡುವ ಹೆಸರಾಂತ ಮನ್ನಣೆ) ಸಿಕ್ಕಿದೆ, ಹತ್ತು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಒಂದಾದ ಮೇಲೊಂದು ಸಣ್ಣ ಸಣ್ಣ ತಟ್ಟೆ ತರುತ್ತಾರೆ, ಊಟ ಮುಗಿಯಲು ಗಂಟೆಗಟ್ಟಲೆ ಬೇಕು. ಅಲ್ಲಿ ಜೀನ್ಸ್, ಚಡ್ಡಿ, ಸ್ಯಾಂಡಲ್, ಸ್ಪೋರ್ಟ್ಸ್ ಶೂ ಯಾವುದೂ ಆಗುವುದಿಲ್ಲ. ಕೋಟು ಹಾಕಿಕೊಂಡು ಹೋದರೆ ಒಳ್ಳೆಯದು. ಗುಂಡಿ ಹಾಕಲೇಬೇಕೆಂದು ಯಾರೂ ಹೇಳುವುದಿಲ್ಲ. ವೈನಿಯವರು ರೇಷ್ಮೆ ಸೀರೆ ಉಟ್ಟು ಬಂದರೆ ಆ ಕೋಣೆಯಲ್ಲಿ ಅವರಷ್ಟು ಚೆನ್ನಾಗಿ ಕಾಣುವವರು ಇನ್ನೊಬ್ಬರು ಇರಲಿಕ್ಕಿಲ್ಲ. ಶಾಕಾಹಾರಿ ಆಗಿದ್ದರೆ ತಂಗಿಗೆ ಈಗಲೇ ಫೋನ್ ಮಾಡಿ ಬುಕಿಂಗ್‌ನಲ್ಲಿ ಹೇಳಿಸಿಬಿಡಿ. ಟೇಬಲ್ ಮೇಲೆ ಕೂತ ಮೇಲೆ ಹೇಳುವ ಮಾತಲ್ಲ ಅದು.

ಇನ್ನೊಂದು. ಪಾರ್ಕಿನ ಒಳಗೇ ಇರುವ ದುಬಾರಿ ಹೋಟೆಲುಗಳಿಗೆ, ಉದಾಹರಣೆಗೆ ಎಪ್ಕಾಟ್ ಎಂಬ ಡಿಸ್ನಿ ಪಾರ್ಕಿನ ಲ ಸೆಲಿಯರ್‌ಗೆ, ಜನ ಪಾರ್ಕಿನ ಬಟ್ಟೆಯಲ್ಲೇ ಬರುತ್ತಾರೆ. ಬೆವರಿದ ಟೀ ಶರ್ಟು, ತಲೆ ಮೇಲೆ ಇಲಿಯ ಕಿವಿ. ಅಲ್ಲಿಗೆ ಹೋಗುವುದಾದರೆ ಈ ಚಿಂತೆಯೇ ಬೇಡ.

ಇಳಕಲ್ ಸೊಸೆ:

ಮೇಲಿನವರು ಎಲ್ಲಾ ಹೇಳಿದ್ದಾರೆ, ನಾನು ಸೀರೆ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಗಂಡಸರು ‘ಸೀರೆ ಉಟ್ಟರೆ ಆಯ್ತು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ನಾನೂ ನಮ್ಮ ಅತ್ತೆಯವರೂ ಎರಡು ವರ್ಷದ ಹಿಂದೆ ಹೋಗಿದ್ದೆವು. ಅಣ್ಣಾರೆ, ನಿಮ್ಮ ಅವ್ವನವರನ್ನು ಯಾರೂ ತಡೆಯುವುದಿಲ್ಲ. ತಡೆಯುವುದು ಹೋಗಲಿ, ನಮ್ಮ ಅತ್ತೆಯವರನ್ನು ನಿಲ್ಲಿಸಿ ನಿಲ್ಲಿಸಿ ಸೆರಗು ನೋಡಿದರು. ತೋಪು ತೆನಿ ಸೆರಗು ಗೊತ್ತಲ್ವಾ, ಕೆಂಪಿನ ಮೇಲೆ ಬಿಳಿ ಗೋಪುರ ಗೋಪುರ ಇದ್ದ ಹಾಗೆ. ಊಟ ಬಡಿಸುವ ಹುಡುಗಿ ಅದನ್ನು ಕೋಟೆ ಎಂದುಕೊಂಡು ‘ಇದು ಡಿಸ್ನಿ ಕ್ಯಾಸಲ್ ಏನು’ ಎಂದು ಕೇಳಿದಳು. ಸೀರೆಯ ಒಡಲನ್ನೂ ಸೆರಗನ್ನೂ ಬೇರೆ ಬೇರೆ ಹಾಸು ಮಾಡಿ, ಒಂದೊಂದೇ ಎಳೆಗೆ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ ಎಂದು ನಾನು ನನ್ನ ಹರಕು ಮುರುಕು ಇಂಗ್ಲಿಷಿನಲ್ಲಿ ಹೇಳುತ್ತಾ ಕೂತೆ, ಸೂಪು ಆರಿಹೋಯಿತು.

ಆದರೆ ಎರಡು ಮಾತು ನೆನಪಿಡಿ. ಪಾರ್ಕಿನಲ್ಲಿ ನೆಲಕ್ಕೆ ಎಳೆದಾಡುವ ಬಟ್ಟೆ ಬೇಡ ಎಂದು ನಿಯಮವೇ ಇದೆ. ಆ ವಿಷಯದಲ್ಲಿ ಕಚ್ಚೆ ಸೀರೆ ಬರೋಬ್ಬರಿ, ಪಾದದ ಮೇಲೆಯೇ ನಿಲ್ಲುತ್ತದೆ, ನಡೆಯಲಿಕ್ಕೂ ಸುಲಭ. ನಾನು ನೆರಿಗೆ ಇಳಿಸಿ ಉಟ್ಟು ದಿನವಿಡೀ ಒದ್ದಾಡಿದೆ. ರೈಡ್ ಹತ್ತುವಾಗ ಸೆರಗನ್ನು ಸೊಂಟಕ್ಕೆ ಗಟ್ಟಿ ಸಿಕ್ಕಿಸಿ. ಎರಡನೆಯದು ಮಳೆ. ಅಲ್ಲಿ ಆ ಹೊತ್ತಿಗೆ ಮಧ್ಯಾಹ್ನ ಆಯಿತೆಂದರೆ ಮೋಡ ಕಟ್ಟಿ ಗುಡುಗಿ ಅರ್ಧ ಗಂಟೆ ಸುರಿದು ಮತ್ತೆ ಬಿಸಿಲು. ನಾನು ಹೊಸ ಇಳಕಲ್ ಉಟ್ಟಿದ್ದೆ, ಒಮ್ಮೆಯೂ ನೀರಿಗೆ ಹಾಕಿರಲಿಲ್ಲ. ತೊಯ್ದ ಸೆರಗಿನ ಕೆಂಪು ಕುಪ್ಪಸದ ತೋಳಿಗೆ ಹತ್ತಿತು, ಅಲ್ಲಿಂದ ನಾದಿನಿ ಬಿಳಿ ಅಂಗಿಗೂ ಹತ್ತಿತು, ಹೆಗಲಿಗೆ ಕೈ ಹಾಕಿ ಫೋಟೋ ತೆಗೆಸಿಕೊಂಡಿದ್ದೆವಲ್ಲ. ಅದಕ್ಕೇ ಹೇಳುವುದು, ಒಗೆದು ಹಳತಾದ ಸೀರೆಯನ್ನು ಪಾರ್ಕಿಗೆ, ಹೊಸತನ್ನು ಊಟಕ್ಕೆ. ಗುಳೇದಗುಡ್ಡದ ಖಣದ ಕುಪ್ಪಸ ಎರಡಕ್ಕೂ ನಡೆಯುತ್ತದೆ, ಮಡಚಿದರೆ ಒಂದು ಮುಷ್ಟಿ ಜಾಗ.

ಹಾಂ, ಶಾಲು ಬಿಡಬೇಡಿ. ಹೊರಗೆ ಬೇಯುತ್ತೀರಿ, ಹೋಟೆಲಿನೊಳಗೆ ಎಸಿ ಎಷ್ಟು ಜೋರೆಂದರೆ ಅತ್ತೆಯವರು ಊಟದ ಕರವಸ್ತ್ರವನ್ನೇ ಹೆಗಲಿಗೆ ಹೊದ್ದುಕೊಂಡು ಕೂತಿದ್ದರು.

ವಿಜಯಪುರದ ಬಿಸಿಲು:

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ರಜೆಗೆ ಹೋದವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದೇ ತಪ್ಪು. ರೊಕ್ಕ ನಮ್ಮದು, ಹೊಟ್ಟೆ ನಮ್ಮದು, ನೋಡುವ ಕಣ್ಣು ಮಾತ್ರ ಅವರದು. ಆ ಎರಡನೇ ಬುಕಿಂಗ್ ರದ್ದು ಮಾಡಿ ಇನ್ನೊಂದು ದಿನ ಪಾರ್ಕಿನಲ್ಲಿ ಸುತ್ತಿ ಎನ್ನುತ್ತೇನೆ.

ಹೀಗೆ ಹೇಳುವುದಕ್ಕೆ ಕಾರಣವೂ ಇದೆ. ಅಮೆರಿಕ ಅಲ್ಲ, ನಮ್ಮ ದೇಶದಲ್ಲೇ ಒಂದು ದೊಡ್ಡ ಹೋಟೆಲಿನಲ್ಲಿ, ಹೆಸರು ಬೇಡ, ನಮ್ಮ ಕಾಕಾನನ್ನು ಚಪ್ಪಲಿ ನೋಡಿ ಬಾಗಿಲಲ್ಲಿ ನಿಲ್ಲಿಸಿದರು. ಹೊಸ ಧೋತರ, ಇಸ್ತ್ರಿ ಮಾಡಿದ ನೆಹರೂ ಅಂಗಿ, ತಲೆಗೆ ಟೋಪಿ, ಎಲ್ಲಾ ಇತ್ತು. ಕಾಲಲ್ಲಿ ಮಾತ್ರ ಕೊಲ್ಹಾಪುರಿ. ‘ಶೂ ಬೇಕು ಸರ್’ ಎಂದ. ಕಾಕಾ ಏನೂ ಜಗಳ ಮಾಡಲಿಲ್ಲ. ‘ನಡೀರಿ, ಖಾನಾವಳಿಗೆ ಹೋಗೋಣ, ಅಲ್ಲಿ ಚಪ್ಪಲಿ ಹೊರಗೇ ಬಿಡುತ್ತೇವೆ’ ಎಂದು ಹೊರಟೇಬಿಟ್ಟರು. ಅವತ್ತು ತಿಂದ ಜೋಳದ ರೊಟ್ಟಿ, ಎಣ್ಣೆಗಾಯಿ ನೆನಪಿದೆ. ಆ ದೊಡ್ಡ ಹೋಟೆಲಿನ ಮೆನು ನೆನಪಿಲ್ಲ, ನೋಡಲೇ ಇಲ್ಲವಲ್ಲ.

ಇರಲಿ, ಹೋಗುವುದೇ ಆದರೆ ಬಟ್ಟೆಯ ಬಗ್ಗೆ ಒಂದು ಮಾತು. ಅಲ್ಲಿನ ಬಿಸಿಲು ನಮ್ಮ ಗೋಳಗುಮ್ಮಟದ ಬಿಸಿಲಲ್ಲ. ನಮ್ಮದು ಒಣ ಬಿಸಿಲು, ನೆರಳಿಗೆ ಬಂದರೆ ಆರಾಮ. ಅಲ್ಲಿಯದು ಮಂಗಳೂರಿನ ಸೆಖೆ, ನೆರಳಲ್ಲೂ ಬೆವರು. ಅಂಗಿ ಬೆನ್ನಿಗೆ ಅಂಟುತ್ತದೆ. ಹಗಲು ಹಾಕಿದ ಅಂಗಿಯಲ್ಲೇ ರಾತ್ರಿ ಊಟಕ್ಕೆ ಹೋದರೆ ನಿಯಮ ಬಿಡಿ, ಪಕ್ಕದಲ್ಲಿ ಕೂತವರಿಗೂ ಕಷ್ಟ.

ಟಿಳಕವಾಡಿಯವ:

ಎಲ್ಲರಿಗೂ ಧನ್ಯವಾದ. ನಿಮ್ಮ ಕಾಕಾ ನಮ್ಮ ಅವ್ವನಿಗೆ ಅಣ್ಣನೇ ಆಗಬೇಕು. ಇದನ್ನು ಓದಿ ಹೇಳಿದೆ, ‘ಅವರೊಬ್ಬರೇ ಶಾಣ್ಯಾ ಮನುಷ್ಯ’ ಎಂದಳು. ಬುಕಿಂಗ್ ಮಾತ್ರ ರದ್ದು ಮಾಡುವ ಹಾಗಿಲ್ಲ, ಹಾಗೆ ಮಾಡಿದರೆ ತಂಗಿ ಮುಂದಿನ ಹದಿನೈದು ವರ್ಷ ಮಾತು ಬಿಡುತ್ತಾಳೆ.

ಇನ್ನೂ ಎರಡು ಸಂಶಯ. ಕ್ಯಾಲಿಫೋರ್ನಿಯಾ ಗ್ರಿಲ್ ದಿನ ನಾವು ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನಲ್ಲೇ ಇರುತ್ತೇವೆ, ನಮ್ಮ ರೂಮು ದೂರ. ಬಟ್ಟೆ ಬದಲಿಸುವುದು ಎಲ್ಲಿ? ಮತ್ತೆ ಮಗಳಿಗೆ ರಾಜಕುಮಾರಿಯ ಗೌನು ಬೇಕಂತೆ, ಅದನ್ನೇ ಹಾಕಿಕೊಂಡು ಊಟಕ್ಕೂ ಬರುತ್ತಾಳಂತೆ. ನಡೆಯುತ್ತದೆಯೇ?

ಗುಳೇದಗುಡ್ಡದ ಅಳಿಯ:

ಬಟ್ಟೆ ಬದಲಿಸುವುದು ಸುಲಭ. ಮ್ಯಾಜಿಕ್ ಕಿಂಗ್‌ಡಮ್ ಬಾಗಿಲ ಹತ್ತಿರವೇ ಬಾಡಿಗೆ ಲಾಕರ್ ಇವೆ. ಬೆಳಿಗ್ಗೆ ಹೋದ ಕೂಡಲೇ ಒಂದು ಬ್ಯಾಗು ಅಲ್ಲಿಟ್ಟುಬಿಡಿ. ಅದರಲ್ಲಿ ಅಂಗಿ, ಪ್ಯಾಂಟು, ಅವ್ವನವರ ಸೀರೆ, ಒಂದು ಟವೆಲ್, ಪೌಡರ್, ಒಣ ಸಾಕ್ಸು. ಸಾಕ್ಸು ಮರೆಯಬೇಡಿ, ಎಲ್ಲರೂ ಮರೆಯುವುದು ಅದನ್ನೇ. ಸಂಜೆ ಆರೂವರೆಗೆ ಬ್ಯಾಗು ತೆಗೆದುಕೊಂಡು ಹೊರಟರೆ ಕಂಟೆಂಪರರಿಗೆ ಮಾನೊರೈಲೂ ಇದೆ, ಕಾಲುದಾರಿಯೂ ಇದೆ, ನಡೆದರೆ ಹತ್ತು ಹದಿನೈದು ನಿಮಿಷ. ನಡೆಯಬೇಡಿ, ಮತ್ತೆ ಬೆವರುತ್ತೀರಿ. ರಿಸಾರ್ಟಿನ ಶೌಚಾಲಯಗಳು ನಮ್ಮ ಕಡೆಯ ಮದುವೆ ಹಾಲಿನ ಕೋಣೆಗಿಂತ ಚೊಕ್ಕ ಇವೆ, ಅಲ್ಲೇ ಮುಖ ತೊಳೆದು ಬದಲಿಸಿಕೊಳ್ಳಿ. ಹದಿನೆಂಟು ಮೊಳ ಉಡಲು ಅಂಗವಿಕಲರ ದೊಡ್ಡ ಕೋಣೆ ಹಿಡಿಯಬೇಡಿ, ಬೇಕಾದವರು ಕಾಯುತ್ತಾರೆ. ಅವ್ವನವರು ಸೀರೆ ಬದಲಿಸದಿದ್ದರೂ ಏನೂ ಆಗುವುದಿಲ್ಲ. ಅಂಗಿ ಮಡಚಬೇಡಿ, ಸುರುಳಿ ಸುತ್ತಿಡಿ, ಇಸ್ತ್ರಿ ಉಳಿಯುತ್ತದೆ.

ನೇರ 15ನೇ ಮಹಡಿಗೆ ಬಿಡುವುದಿಲ್ಲ. ಎರಡನೇ ಮಹಡಿಯಲ್ಲಿ ಹೆಸರು ಹೇಳಿದರೆ ಅವರೇ ಲಿಫ್ಟಿನಲ್ಲಿ ಮೇಲೆ ಕರೆದುಕೊಂಡು ಹೋಗುತ್ತಾರೆ. ಮೇಲಿನಿಂದ ಮ್ಯಾಜಿಕ್ ಕಿಂಗ್‌ಡಮ್‌ನ ಪಟಾಕಿ ಕಾಣುತ್ತದೆ, ಆ ಹೊತ್ತಿಗೆ ಎಲ್ಲರೂ ಎದ್ದು ಹೊರಗಿನ ಕಟ್ಟೆಗೆ ಓಡುತ್ತಾರೆ, ನಿಮ್ಮ ಅಂಗಿ ನೋಡುವವರು ಯಾರೂ ಇರುವುದಿಲ್ಲ.

ಗೌನಿನ ವಿಷಯ. 14 ವರ್ಷ ತುಂಬಿದವರಿಗೆ ಪಾರ್ಕಿನಲ್ಲಿ ವೇಷ ಹಾಕಲು ಬಿಡುವುದಿಲ್ಲ, ನಿಮ್ಮ ಮಗಳಿಗೆ 12 ಅಂದರೆ ಇನ್ನೂ ಟೈಮಿದೆ. ಊಟಕ್ಕೂ ಅದರಲ್ಲೇ ಬರಲಿ, ಮಕ್ಕಳನ್ನು ಯಾರೂ ಏನೂ ಅನ್ನುವುದಿಲ್ಲ. ನೆಲಕ್ಕೆ ಬೀಳದಷ್ಟು ಉದ್ದದ್ದು ತೆಗೆದುಕೊಳ್ಳಿ, ಊರಲ್ಲೇ ಹೊಲಿಸಿದರೆ ಇನ್ನೂ ಒಳ್ಳೆಯದು, ಅಲ್ಲಿ ಭಾಳ ದುಬಾರಿ. ನೀವಿಬ್ಬರೂ ಆ ಇನ್ನೊಂದು ಹೋಟೆಲಿಗೆ ಹೋದ ರಾತ್ರಿ ಅವ್ವ, ಮಗಳನ್ನು ತಂಗಿಯವರು ಸಾನಾ ಎಂಬ ಊಟದ ಹೋಟೆಲಿಗೆ ಕರೆದುಕೊಂಡು ಹೋಗಲಿ. ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನಲ್ಲಿ ಇದೆ. ನಾನ್, ಬಗೆಬಗೆಯ ಚಟ್ನಿ ಕೊಡುತ್ತಾರೆ, ಬೆಳಕಿದ್ದರೆ ಕಿಟಕಿಯಾಚೆ ಜಿರಾಫೆ ಕಾಣುತ್ತವೆ. ಬಟ್ಟೆಯ ರಗಳೆಯೂ ಇಲ್ಲ.

ಟಿಳಕವಾಡಿಯವ:

ಬರೋಬ್ಬರಿ ಆಯಿತು ರೀ. ನಾನ್, ಚಟ್ನಿ ಎಂದ ಕೂಡಲೇ ಅವ್ವ ಒಪ್ಪಿದಳು. ಗೌನಿನ ಬಟ್ಟೆಗೆ ಇವತ್ತು ಸಂಜೆ ಖಡೇಬಜಾರಿಗೆ ಹೊರಟಿದ್ದೇವೆ. ನನ್ನ ಕೋಟನ್ನೂ ದರ್ಜಿಗೆ ತೋರಿಸಿದೆ. ಒಳಗಡೆ ಒಂದೂವರೆ ಇಂಚು ಬಟ್ಟೆ ಬಿಟ್ಟಿದ್ದಾನಂತೆ, ಬಿಚ್ಚಿ ಕೊಡುತ್ತಾನಂತೆ. ಲಗ್ನದ ವೇಳೆಗೇ ಅವನಿಗೆ ಗೊತ್ತಿತ್ತು ಅನ್ನಿಸುತ್ತದೆ.