ಡೈರಿ ಪ್ರಾಜೆಕ್ಟ್: ಸಿಮ್‌ಗ್ರಿಡ್ ಒಳಗೆ ಎನ್‌ಎಸ್-3 ಹಾಕಬೇಕಾ, ಬೇಡವಾ?

ಬ್ರಹ್ಮಾವರದ_ಹುಡುಗ
ಎಲ್ಲರಿಗೂ ನಮಸ್ಕಾರ. ನಾನು ಎಂ.ಟೆಕ್ ಎರಡನೇ ವರ್ಷ. ಪ್ರಾಜೆಕ್ಟ್ ಹೀಗಿದೆ. ಉಡುಪಿ ಕಡೆಯ 60 ಹಾಲಿನ ಡೈರಿಗಳು ಬೆಳಗಿನ ಹಾಲು ತೆಗೆದುಕೊಂಡ ಮೇಲೆ ಲೆಕ್ಕದ ಫೈಲನ್ನು ಒಂದು ಸರ್ವರಿಗೆ ಕಳಿಸುತ್ತವೆ ಅಂತ ಇಟ್ಟುಕೊಂಡಿದ್ದೇನೆ. ಯಾರದ್ದು ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ಎಷ್ಟು, ಅಷ್ಟೇ. ಒಂದು ಫೈಲ್ 100 ಕೆಬಿ. ಪ್ರತಿ ಡೈರಿಗೆ 20 ಎಂಬಿಪಿಎಸ್ ಲೈನ್, ಹೋಗಿ ಬರಲು 40 ಮಿಲಿಸೆಕೆಂಡ್. ಸರ್ವರಿನ ಕಡೆ ಎಲ್ಲರಿಗೂ ಸೇರಿ 10 ಎಂಬಿಪಿಎಸ್. 7 ಗಂಟೆಗೆ ಎಲ್ಲರೂ ಒಟ್ಟಿಗೆ ಕಳಿಸಿದರೆ ಕೊನೆಯ ಫೈಲ್ ಯಾವಾಗ ಮುಟ್ಟುತ್ತದೆ? ಇದೇ ಪ್ರಶ್ನೆ.

ಸಿಮ್‌ಗ್ರಿಡ್ ಅನ್ನುವ ಸಿಮ್ಯುಲೇಟರಿನಲ್ಲಿ (ಕಂಪ್ಯೂಟರ್ ಜಾಲವನ್ನು ಪ್ರೋಗ್ರಾಮಿನಲ್ಲೇ ನಡೆಸಿ ನೋಡುವ ಸಾಧನ) ಬರೆದಿದ್ದೇನೆ. ಅದರ ಮಾಮೂಲಿ ಮಾಡೆಲ್ ಪ್ಯಾಕೆಟ್ (ಫೈಲನ್ನು ಒಡೆದು ಕಳಿಸುವ ಸಣ್ಣ ತುಂಡು) ನೋಡುವುದಿಲ್ಲ. ಪ್ರತಿ ವರ್ಗಾವಣೆಯನ್ನು ಒಂದು ಫ್ಲೋ ಅಂತ ಹಿಡಿದು ಲಿಂಕಿನ ವೇಗವನ್ನು ಹಂಚುತ್ತದೆ. ನನ್ನ ಗೈಡ್ ಅದನ್ನು ಒಪ್ಪುತ್ತಿಲ್ಲ, ಪ್ಯಾಕೆಟ್ ಮಟ್ಟದಲ್ಲಿ ತೋರಿಸು ಅಂತಾರೆ. ಸಿಮ್‌ಗ್ರಿಡ್‌ಗೆ ಎನ್‌ಎಸ್-3 ಅನ್ನುವ, ಪ್ಯಾಕೆಟ್ ಮಟ್ಟದ ಸಿಮ್ಯುಲೇಟರ್ ಜೋಡಿಸಬಹುದಂತೆ. ಜೋಡಿಸಲಾ?

ಸುರತ್ಕಲ್_ಲೈಟ್‌ಹೌಸ್
ಖಂಡಿತ ಜೋಡಿಸಿ. ನಮ್ಮ ಊರಿಗೂ ಎನ್‌ಎಸ್-3ಗೂ ನಂಟು ಉಂಟು. 2018ರಲ್ಲಿ ಎನ್‌ಎಸ್-3 ಕಾರ್ಯಾಗಾರ ಸುರತ್ಕಲ್ ಎನ್‌ಐಟಿಕೆಯಲ್ಲೇ ನಡೆದಿತ್ತು. ಕೇಳಿದರೆ ಸಹಾಯ ಮಾಡುವವರು ಹತ್ತಿರದಲ್ಲೇ ಸಿಗುತ್ತಾರೆ.

ನಿಮ್ಮ ಕೇಸನ್ನೇ ನೋಡಿ. 60 ಡೈರಿ, ಪ್ರತಿಯೊಂದೂ ಮೊದಲ ಸುತ್ತಿನಲ್ಲಿ, ಉತ್ತರಕ್ಕೆ ಕಾಯದೆ, 10 ಪ್ಯಾಕೆಟ್ ಬಿಡುತ್ತದೆ. ಒಟ್ಟು 600. 20 ಎಂಬಿಪಿಎಸ್ ಲೈನಿನಲ್ಲಿ 10 ಪ್ಯಾಕೆಟ್ ಹೊರಡಲು 6 ಮಿಲಿಸೆಕೆಂಡ್ ಸಾಕು. ಆ 6 ಮಿಲಿಸೆಕೆಂಡಿನಲ್ಲಿ ಸರ್ವರ್ ಕಡೆಯ ಲಿಂಕ್ ಸಾಗಿಸುವುದು ಬರೀ 5 ಪ್ಯಾಕೆಟ್. ರೌಟರಿನ ಕ್ಯೂ (ಪ್ಯಾಕೆಟ್ ಸರದಿಗೆ ಕಾಯುವ ಜಾಗ) 100 ಪ್ಯಾಕೆಟ್ ಹಿಡಿಯುತ್ತದೆ ಎಂದುಕೊಳ್ಳಿ. ಉಳಿದ ಸುಮಾರು 500 ಎಲ್ಲಿ ಹೋಗಬೇಕು? ಬಿದ್ದು ಹೋಗುತ್ತವೆ. ಯಾವ ಡೈರಿಯ ಹತ್ತಕ್ಕೆ ಹತ್ತೂ ಬಿತ್ತೋ, ಅದಕ್ಕೆ ಆ ಕಡೆಯಿಂದ ಒಂದು ಉತ್ತರವೂ ಬರುವುದಿಲ್ಲ. ಮತ್ತೆ ಕಳಿಸಲು ಟೈಮರ್ ಮುಗಿಯುವ ತನಕ ಕಾಯಬೇಕು. ಎನ್‌ಎಸ್-3ರಲ್ಲಿ ಆ ಟೈಮರ್ ತಾನಾಗಿ ಕನಿಷ್ಠ 1 ಸೆಕೆಂಡ್. ಫ್ಲೋ ಮಾಡೆಲ್ಲಿಗೆ ಕ್ಯೂ ಅಂದರೇನು ಅಂತಲೇ ಗೊತ್ತಿಲ್ಲ. ಅದು 6 ಎಂಬಿಯನ್ನು 10 ಎಂಬಿಪಿಎಸ್‌ಗೆ ಭಾಗಿಸಿ, ಎಲ್ಲರೂ ಹೆಚ್ಚುಕಮ್ಮಿ 5 ಸೆಕೆಂಡಿಗೆ ಮುಗಿಸಿದರು ಅನ್ನುತ್ತದೆ. ನಿಮ್ಮ ಪ್ರಶ್ನೆ ಕೊನೆಯವರದ್ದು ಅಲ್ವಾ? ಆ ಕೊನೆಯವರೇ ಅದರಲ್ಲಿ ಕಾಣುವುದಿಲ್ಲ.

ಮಣಿಪಾಲ_ಗುಡ್ಡೆ
ಕೊನೆಯವರ ವಿಷಯ ಒಪ್ಪುತ್ತೇನೆ. ಆದರೆ "ಪ್ಯಾಕೆಟ್ ಮಟ್ಟ ಅಂದರೆ ನಿಜ" ಅನ್ನುವ ನಂಬಿಕೆ ನನಗೆ ಇಲ್ಲ. ಒಂದೇ ಒಂದು ಡೈರಿಯ ಒಂದೇ ಫೈಲನ್ನು ಕೈಯಲ್ಲಿ ಲೆಕ್ಕ ಹಾಕಿ ತೋರಿಸುತ್ತೇನೆ. ಬೇರೆ ಯಾರೂ ದಾರಿಯಲ್ಲಿ ಇಲ್ಲ, ಸರ್ವರ್ ಕಡೆಯ 10 ಎಂಬಿಪಿಎಸ್ ಮಿತಿ ಸದ್ಯಕ್ಕೆ ಬಿಡಿ, 20 ಎಂಬಿಪಿಎಸ್ ಪೂರ್ತಿ ಅದಕ್ಕೇ, ವಿಂಡೋ (ಉತ್ತರ ಬರುವ ಮೊದಲು ಒಮ್ಮೆಗೆ ಬಿಡಬಹುದಾದ ಪ್ಯಾಕೆಟ್ ಸಂಖ್ಯೆ) ಪ್ರತಿ ಸುತ್ತಿಗೆ ದುಪ್ಪಟ್ಟು ಅಂತ ಇಟ್ಟುಕೊಳ್ಳಿ.

ತೀರಾ ಸರಳ ಲೆಕ್ಕ: ಒಂದು ಕಡೆಯ ವಿಳಂಬ 20, ಸಾಗಿಸಲು 40. ಒಟ್ಟು 60 ಮಿಲಿಸೆಕೆಂಡ್. ಸಿಮ್‌ಗ್ರಿಡ್‌ನ ಮಾಮೂಲಿ ಮಾಡೆಲ್ ಎಲ್‌ವಿ08. ಅದು ಟಿಸಿಪಿಯ (ಪ್ಯಾಕೆಟ್ ಕಳಿಸುವ ನಿಯಮ) ನಿಧಾನ ಶುರುವನ್ನು ಲೆಕ್ಕಕ್ಕೆ ತರಲು ವಿಳಂಬವನ್ನು 13.01ರಿಂದ ಗುಣಿಸುತ್ತದೆ, ವೇಗವನ್ನು 0.97ರಿಂದ. ಅದರಲ್ಲಿ ಸುಮಾರು 300 ಬರುತ್ತದೆ. ಈಗ ಪ್ಯಾಕೆಟ್ ಲೆಕ್ಕ. ಸೆಗ್ಮೆಂಟ್ (ಒಂದು ಪ್ಯಾಕೆಟ್‌ನಲ್ಲಿ ಹೋಗುವ ಫೈಲಿನ ಭಾಗ) 1460 ಬೈಟ್ ಆದರೆ 69 ಸೆಗ್ಮೆಂಟ್. ಕೈಕುಲುಕಲು (ಸಂಪರ್ಕ ಶುರು ಮಾಡಲು) ಒಂದು ಸುತ್ತು, ಆಮೇಲೆ 10, 20, ಉಳಿದ 39. ಸುಮಾರು 165 ಮಿಲಿಸೆಕೆಂಡಿಗೆ ಮುಗಿಯಿತು. ಆದರೆ ಎನ್‌ಎಸ್-3 ತಾನಾಗಿ ಇಡುವ ಸೆಗ್ಮೆಂಟ್ 536 ಬೈಟ್. ಆಗ 187 ಸೆಗ್ಮೆಂಟ್: 10, 20, 40, 80, 37. ಎರಡು ಸುತ್ತು ಜಾಸ್ತಿ. ಸುಮಾರು 230.

ಒಂದೇ ಫೈಲು, ಒಂದೇ ಲೈನು. ಒಂದು ಸೆಟ್ಟಿಂಗ್ ಮುಟ್ಟದೆ ಬಿಟ್ಟದ್ದಕ್ಕೆ 165 ಹೋಗಿ 230 ಆಯಿತು. ಗೈಡ್ ಮುಂದೆ ಗ್ರಾಫ್ ಇಟ್ಟರೆ ಎರಡೂ ಅಷ್ಟೇ ಚಂದ ಕಾಣುತ್ತದೆ.

ಸುರತ್ಕಲ್_ಲೈಟ್‌ಹೌಸ್
ಅದು ಎನ್‌ಎಸ್-3ರ ತಪ್ಪಲ್ಲ, ಸೆಟ್ಟಿಂಗ್ ನೋಡದವನ ತಪ್ಪು. 1460 ಅಂತ ಇಟ್ಟರೆ ಮುಗಿಯಿತು. ಎಲ್‌ವಿ08ರಲ್ಲಿ 13.01 ಅನ್ನುವುದಕ್ಕೆ ಏನು ಮಾಡುತ್ತೀರಿ? ಅದು ಒಂದೇ ಗುಣಕ. 10 ಕೆಬಿ ಫೈಲ್ ಮೊದಲ 10 ಪ್ಯಾಕೆಟ್‌ನಲ್ಲೇ ಪೂರ್ತಿ ಹೋಗುತ್ತದೆ. ಅದಕ್ಕೂ 13 ಪಟ್ಟು ವಿಳಂಬ ಹಾಕುವುದು ಯಾವ ನ್ಯಾಯ?

ಮಣಿಪಾಲ_ಗುಡ್ಡೆ
ನ್ಯಾಯ ಅಲ್ಲ. ಆ ಗುಣಕ ದೊಡ್ಡ ವರ್ಗಾವಣೆಗೆ ಹೊಂದಿಸಿದ್ದು, ಸಣ್ಣ ಫೈಲಿಗೆ ನಂಬಬಾರದು. ಅದಕ್ಕೇ ಹೇಳುವುದು, ಮೊದಲು ಎನ್‌ಎಸ್-3ರಲ್ಲಿ ಒಂದು ಫೈಲ್ ಓಡಿಸಿ, ಆ ಉತ್ತರಕ್ಕೆ ಹೊಂದುವ ಹಾಗೆ ಗುಣಕ ಬದಲಿಸಿ, ಆಮೇಲೆ ಫ್ಲೋದಲ್ಲೇ ಎಲ್ಲ ಮಾಡಿ.

ನೀರುದೋಸೆ
ನಾನು ಈ ಜೋಡಣೆ ಕೈಯಾರೆ ಮಾಡಿದ್ದೇನೆ, ಮಂಗಳೂರಿನಲ್ಲಿ ಹಿಂದೆ ಇದ್ದ ಕೆಲಸದಲ್ಲಿ. ಹೊಸಬರಿಗೆ ಎಲ್ಲಿ ಕಾಲು ಜಾರುತ್ತದೆ ಅಂತ ಹೇಳುತ್ತೇನೆ.

ಸಿಮ್‌ಗ್ರಿಡ್ ಬಿಲ್ಡ್ ಮಾಡುವಾಗಲೇ ಎನ್‌ಎಸ್-3 ಬೇಕು ಅಂತ ಹೇಳಬೇಕು. ಆಮೇಲೆ ಹೇಳಿದರೆ ಆಗುವುದಿಲ್ಲ. ಬಿಲ್ಡ್ ಆದ ಮೇಲೆ ಓಡಿಸುವಾಗ ನೆಟ್‌ವರ್ಕ್ ಮಾಡೆಲ್ ಹೆಸರು ಬದಲಿಸಿದರೆ ಸಾಕು, ನಿಮ್ಮ ಕೋಡ್ ಮುಟ್ಟಬೇಕಿಲ್ಲ. ಇದು ಬಹಳ ಒಳ್ಳೆಯ ಸಂಗತಿ.

ಪ್ಲಾಟ್‌ಫಾರ್ಮ್ ಫೈಲ್ (ಯಾವ ಕಂಪ್ಯೂಟರ್, ಯಾವ ಲಿಂಕ್ ಅಂತ ಬರೆದಿಡುವುದು) ಮಾತ್ರ ನೋಡಿ ಬರೆಯಿರಿ. ಫ್ಲೋ ಮಾಡೆಲ್ಲಿಗೆ ನಾವು "ಈ ಡೈರಿಯಿಂದ ಸರ್ವರಿಗೆ ಈ ಈ ಲಿಂಕ್" ಅಂತ ಉದ್ದ ದಾರಿ ಬರೆಯುತ್ತೇವೆ. ಎನ್‌ಎಸ್-3ಗೆ ಒಂದು ಲಿಂಕ್ ಉದ್ದದ ದಾರಿ ಮಾತ್ರ ಲೆಕ್ಕ. ಉದ್ದದ್ದನ್ನು ಸುಮ್ನೆ ಬಿಟ್ಟುಬಿಡುತ್ತದೆ. ಹತ್ತಿರದ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ನಾನು ಬರೆದ ಸುತ್ತುದಾರಿ ಬಿಟ್ಟು ಅದು ಬೇರೆ ಕಡೆ ಹೋಗುತ್ತಿತ್ತು. ಎರಡು ಮಾಡೆಲ್ ಉತ್ತರ ಯಾಕೆ ಹೊಂದುವುದಿಲ್ಲ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಇನ್ನೊಂದು: ಒಂದು ಕಂಪ್ಯೂಟರಿಗೆ ಒಂದೇ ಲಿಂಕ್ ಕೊಡಿ. ಎರಡು ಕೊಟ್ಟರೆ ಅದನ್ನು ರೌಟರ್ ಅಂತ ತಿಳಿಯುತ್ತದೆ.

ಗಡಿಯಾರದ ವಿಷಯವೂ ತಿಳಿದಿರಲಿ. ಸಿಮ್‌ಗ್ರಿಡ್ ತನ್ನ ಪ್ರತಿ ಮಾಡೆಲ್ಲನ್ನು "ನಿನ್ನ ಮುಂದಿನ ಘಟನೆ ಯಾವಾಗ?" ಅಂತ ಕೇಳುತ್ತದೆ. ಎಲ್ಲಕ್ಕಿಂತ ಬೇಗದ್ದು ಯಾವುದೋ ಅಲ್ಲಿಗೆ ಎಲ್ಲರೂ ಹೋಗುತ್ತಾರೆ. ಫ್ಲೋ ಮಾಡೆಲ್ ಲೆಕ್ಕ ಮಾಡಿ ಹೇಳಬಲ್ಲದು. ಎನ್‌ಎಸ್-3 ಹೇಳಲಾರದು. ಫೈಲ್ ಯಾವಾಗ ಮುಟ್ಟುತ್ತದೆ ಅಂತ ತಿಳಿಯಲು ಅದು ನಿಜವಾಗಿ ಓಡಲೇಬೇಕು. ಓಡಿದ ಮೇಲೆ ಹಿಂದೆ ಬರಲಾಗುವುದಿಲ್ಲ. ಅದಕ್ಕೆ ಸಿಮ್‌ಗ್ರಿಡ್ ಮೊದಲು ಬೇರೆಯವರನ್ನು ಕೇಳಿ, ಆಮೇಲೆ ಎನ್‌ಎಸ್-3ಗೆ "ಇಷ್ಟು ಹೊತ್ತಿನ ತನಕ ಓಡು, ಮಧ್ಯದಲ್ಲಿ ಏನಾದರೂ ಮುಗಿದರೆ ನಿಲ್ಲು" ಅನ್ನುತ್ತದೆ.

ಬ್ರಹ್ಮಾವರದ_ಹುಡುಗ
ನೀರುದೋಸೆ ಅಣ್ಣ, ಇಷ್ಟು ವಿವರ ಬರೆದದ್ದಕ್ಕೆ ತುಂಬ ಥ್ಯಾಂಕ್ಸ್. ನಾನೂ ಉದ್ದ ದಾರಿಯನ್ನೇ ಬರೆದಿದ್ದೆ. ಓಡಲು ಎಷ್ಟು ಹೊತ್ತು ಹಿಡಿಯಬಹುದು?

ನೀರುದೋಸೆ
ಬೆಳಗಿನ ಫೈಲುಗಳಿಗೆ ಹೆದರಬೇಡಿ. 6 ಎಂಬಿ ಅಂದರೆ ನಾಲ್ಕು ಸಾವಿರ ಚಿಲ್ಲರೆ ಪ್ಯಾಕೆಟ್, ಲ್ಯಾಪ್‌ಟಾಪಿಗೆ ಏನೂ ಅಲ್ಲ. ಆದರೆ ರಾತ್ರಿ 20 ಜಿಬಿ ಬ್ಯಾಕಪ್ ಅಂತ ಏನಾದರೂ ಸೇರಿಸಿದಿರೋ, ಅದು 1 ಕೋಟಿ 37 ಲಕ್ಷ ಪ್ಯಾಕೆಟ್. ಮೇಲೆ ಅದರ ಉತ್ತರಗಳು. ಪ್ರತಿ ಪ್ಯಾಕೆಟ್ ಪ್ರತಿ ರೌಟರಿನಲ್ಲಿ ಹತ್ತಿ ಇಳಿಯಬೇಕು. ಫ್ಲೋ ಮಾಡೆಲ್ಲಿಗೆ ಅದೇ ಬ್ಯಾಕಪ್ ಒಂದು ಶುರು, ಒಂದು ಕೊನೆ.

ಹಾಲಾಡಿ_ಅಕ್ಕ
ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನವಳು. ಅಮ್ಮ ಇಪ್ಪತ್ತು ವರ್ಷ ನಮ್ಮೂರ ಡೈರಿಯಲ್ಲಿ ಕಾರ್ಯದರ್ಶಿ ಆಗಿದ್ದರು, ಹಾಗಾಗಿ ಒಂದು ಮಾತು. ನೀವೆಲ್ಲ ಕ್ಯೂ, ಸೆಗ್ಮೆಂಟ್ ಅಂತ ಇಷ್ಟು ಚೆನ್ನಾಗಿ ಮಾತಾಡುತ್ತಿದ್ದೀರಿ. ಆದರೆ "7 ಗಂಟೆಗೆ ಎಲ್ಲರೂ ಒಟ್ಟಿಗೆ" ಅಂತ ಯಾರು ಹೇಳಿದ್ದು?

ಡೈರಿ ಹಾಗೆ ನಡೆಯುವುದಿಲ್ಲ ಮಾರಾಯ್ರೆ. ಕೊನೆಯ ಕ್ಯಾನ್ ಬರುವ ತನಕ ಲೆಕ್ಕ ಮುಚ್ಚುವುದಿಲ್ಲ. ನಮ್ಮಲ್ಲಿ ಹೊಳೆ ಆಚೆಯಿಂದ ಒಬ್ಬರು ಅಜ್ಜಿ ಒಂದೂವರೆ ಲೀಟರ್ ಹಾಲು ತರುತ್ತಿದ್ದರು. ಮಳೆಗಾಲದಲ್ಲಿ ಅವರು ಸುತ್ತಿ ಬರಬೇಕು. ಅಮ್ಮ ಅವರಿಗೆ ಕಾದೇ ಕಾಯುತ್ತಿದ್ದರು. ಹಾಗಾಗಿ ಒಂದು ಡೈರಿ 7ಕ್ಕೆ ಮುಗಿಸಿದರೆ ಇನ್ನೊಂದು 8 ದಾಟಿದ ಮೇಲೆ. ಒಂದು ಗಂಟೆಯಲ್ಲಿ 60 ಫೈಲ್ ಹರಡಿದರೆ ನಿಮಿಷಕ್ಕೆ ಒಂದು. ಆಗ ಯಾವ ಕ್ಯೂ ತುಂಬುತ್ತದೆ? 600 ಪ್ಯಾಕೆಟ್ ಒಂದೇ ಸಲ ಬರುವುದು ನಿಮ್ಮ ಪ್ರೋಗ್ರಾಮಿನಲ್ಲಿ ಮಾತ್ರ.

ಮಣಿಪಾಲ_ಗುಡ್ಡೆ
ಅಕ್ಕ, ನಾವು ಇದನ್ನು ಮೊದಲೇ ಕೇಳಬೇಕಿತ್ತು. ಹಾಗಾದರೆ ಎನ್‌ಎಸ್-3 ಬೇಡವೇ ಬೇಡ. ಫ್ಲೋ ಮಾಡೆಲ್ ಸಾಕು.

ಸುರತ್ಕಲ್_ಲೈಟ್‌ಹೌಸ್
ಅಷ್ಟು ಬೇಗ ಮುಗಿಸಬೇಡಿ. ಅಕ್ಕ, ಕರೆಂಟ್ ಹೋದಾಗ ಎಂತ ಆಗುತ್ತದೆ?

ಹಾಲಾಡಿ_ಅಕ್ಕ
ಒಳ್ಳೆ ಪ್ರಶ್ನೆ. ಜುಲೈಯಲ್ಲಿ ಮರ ಬಿದ್ದು ಲೈನ್ ಹೋದರೆ ಹಾಲು ನಿಲ್ಲುವುದಿಲ್ಲ, ಹಾಲು ಅಳೆಯುವ ಮೆಷಿನ್ ಬ್ಯಾಟರಿಯಲ್ಲಿ ನಡೆಯುತ್ತದೆ. ಇಂಟರ್‌ನೆಟ್ ಇರುವುದಿಲ್ಲ. ಫೈಲ್ ಅಲ್ಲೇ ಉಳಿಯುತ್ತದೆ. ಕರೆಂಟ್ ಬಂದ ಕೂಡಲೇ ಮೋಡೆಮ್ ಎದ್ದು, ಉಳಿದದ್ದೆಲ್ಲ ತಾನಾಗಿ ಹೋಗುತ್ತದೆ. ಒಂದೇ ಫೀಡರಿನಲ್ಲಿ (ಕರೆಂಟ್ ಕೊಡುವ ಮುಖ್ಯ ಲೈನಿನಲ್ಲಿ) ಎಂಟು ಹತ್ತು ಊರು ಇರುತ್ತವೆ. ಅವೆಲ್ಲ ಒಟ್ಟಿಗೆ ಏಳುತ್ತವೆ.

ಸುರತ್ಕಲ್_ಲೈಟ್‌ಹೌಸ್
ಅದೇ ನಾನು ಹುಡುಕುತ್ತಿದ್ದದ್ದು! ಕರೆಂಟೇ ಎಲ್ಲರನ್ನೂ ಒಂದೇ ಕ್ಷಣಕ್ಕೆ ತಂದು ನಿಲ್ಲಿಸುತ್ತದೆ. ಒಂದೇ ಮಾದರಿಯ ಮೋಡೆಮ್ ಆದರೆ ಏಳಲು ಹೆಚ್ಚುಕಮ್ಮಿ ಒಂದೇ ಹೊತ್ತು ಬೇಕು. ಒಂದು ಹೊತ್ತಿನದ್ದಲ್ಲ, ಎರಡು ಮೂರು ಹೊತ್ತಿನ ಫೈಲ್ ಸೇರಿ ಹೋಗುತ್ತವೆ. ಅಲ್ಲಿ ಕ್ಯೂ ತುಂಬುತ್ತದೆ, ಅಲ್ಲಿ ಟೈಮರ್ ಕಾಡುತ್ತದೆ. ಹತ್ತು ಡೈರಿ ಅಂದರೆ ಎನ್‌ಎಸ್-3ಗೆ ಸಣ್ಣ ಕೆಲಸ.

ನೀರುದೋಸೆ
ಈಗ ಲೆಕ್ಕ ಸರಿ ಕೂತಿತು. ಹಾಗಾದರೆ ಎರಡು ಸಲ ಓಡಿಸಿ. ತಿಂಗಳ ಪೂರ್ತಿ ವಹಿವಾಟು, 60 ಡೈರಿ, ಬ್ಯಾಕಪ್ ಎಲ್ಲ ಸೇರಿ ಫ್ಲೋ ಮಾಡೆಲ್ಲಿನಲ್ಲಿ. ಕರೆಂಟ್ ಬಂದ ಮೊದಲ ಅರ್ಧ ನಿಮಿಷ, ಹತ್ತು ಡೈರಿ ಮಾತ್ರ, ಎನ್‌ಎಸ್-3ರಲ್ಲಿ. ಎರಡನ್ನೂ ಒಂದೇ ಓಟದಲ್ಲಿ ಬೆರೆಸಲು ಹೋಗಬೇಡಿ. ಕೋಡ್ ಒಂದೇ ಇರಲಿ, ಮಾಡೆಲ್ ಹೆಸರು ಮಾತ್ರ ಬದಲಿಸಿ.

ಮಣಿಪಾಲ_ಗುಡ್ಡೆ
ಇದಕ್ಕೆ ನನ್ನ ಒಪ್ಪಿಗೆ ಇದೆ. ಒಂದು ಷರತ್ತು: ಎನ್‌ಎಸ್-3ರಲ್ಲಿ ಸೆಗ್ಮೆಂಟ್ ಗಾತ್ರ, ಕ್ಯೂ ಗಾತ್ರ, ಟೈಮರಿನ ಕನಿಷ್ಠ, ಈ ಮೂರನ್ನೂ ರಿಪೋರ್ಟಿನಲ್ಲಿ ಬರೆಯಿರಿ. ಲಿನಕ್ಸ್‌ನಲ್ಲಿ ಆ ಕನಿಷ್ಠ 200 ಮಿಲಿಸೆಕೆಂಡ್, ಎನ್‌ಎಸ್-3ರಲ್ಲಿ 1 ಸೆಕೆಂಡ್. ನಿಮ್ಮ ಉತ್ತರ ಪೂರ್ತಿ ಕಾಯುವುದರ ಮೇಲೆ ನಿಂತಿದೆ, ಐದು ಪಟ್ಟು ವ್ಯತ್ಯಾಸ ಸಣ್ಣದಲ್ಲ.

ಬ್ರಹ್ಮಾವರದ_ಹುಡುಗ
ಆಗಲಿ ಸರ್, ಮೂರನ್ನೂ ಬರೆಯುತ್ತೇನೆ. ಅಕ್ಕ, ಶನಿವಾರ ಹಾಲಾಡಿ ಕಡೆ ಬರಬಹುದಾ? ಕರೆಂಟ್ ಬಂದ ಮೇಲೆ ಮೋಡೆಮ್ ಏಳಲು ಎಷ್ಟು ಸೆಕೆಂಡ್ ಅಂತ ಎರಡು ಮೂರು ಡೈರಿಯಲ್ಲಿ ಗಡಿಯಾರ ಹಿಡಿದು ನೋಡಬೇಕು.

ಹಾಲಾಡಿ_ಅಕ್ಕ
ಬನ್ನಿ. ಬೆಳಿಗ್ಗೆ 6ಕ್ಕೇ ಬಂದರೆ ಒಳ್ಳೆಯದು, 8ರ ಮೇಲೆ ಬಾಗಿಲು ಹಾಕುತ್ತಾರೆ. ಅಮ್ಮನಿಗೆ ಹೇಳಿಟ್ಟಿರುತ್ತೇನೆ.