ಹೊಟ್ಟೆ ಕ್ಯಾನ್ಸರ್ ರಿಪೋರ್ಟಿನಲ್ಲಿ ‘ಮೀಥೈಲೇಶನ್ ಪಾಸಿಟಿವ್’ ಅಂತ ಬಂದಿದೆ, ಗೊತ್ತಿದ್ದವರು ಹೇಳುತ್ತೀರಾ?

ಕೇಳಿದವರು

ಅಪ್ಪನಿಗೆ ಎಪ್ಪತ್ತು ದಾಟಿದೆ. ಜಠರದ ಕೆಳಭಾಗದಲ್ಲಿ ಗಡ್ಡೆ ಇತ್ತು. ಆಪರೇಶನ್ ಆಗಿ ಮನೆಗೆ ಬಂದಿದ್ದಾರೆ. ಪೆಥಾಲಜಿ ರಿಪೋರ್ಟಿನ ಕೊನೆಯಲ್ಲಿ ಎರಡು ಸಾಲು ಇವೆ. ಎಂಎಲ್‌ಎಚ್-1, ಪಿಎಂಎಸ್-2 ‘ಲಾಸ್’. ಎಂಎಲ್‌ಎಚ್-1 ಪ್ರೊಮೋಟರ್ ಮೀಥೈಲೇಶನ್ ‘ಪಾಸಿಟಿವ್’. ಡಾಕ್ಟರ್ ಸಿಗುವುದು ಮುಂದಿನ ವಾರ. ಅಲ್ಲಿಯವರೆಗೆ ಸುಮ್ನೆ ಇರಲಾಗದೆ ಓದಲು ಕೂತೆ. ಮೀಥೈಲೇಶನ್ ಜಾಸ್ತಿ ಇದ್ದರೆ ಹೆಚ್ಚು ದಿನ ಬದುಕುವುದಿಲ್ಲ ಅಂತ ಒಂದು ಕಡೆ ಇದೆ. ಇಂಥವರೇ ಚೆನ್ನಾಗಿರುತ್ತಾರೆ ಅಂತ ಇನ್ನೊಂದು ಕಡೆ ಇದೆ. ಯಾವುದನ್ನು ನಂಬಲಿ? ಇದು ಮಕ್ಕಳಾದ ನಮಗೂ ಬರುತ್ತದಾ? ಡಾಕ್ಟರನ್ನು ಏನು ಕೇಳಬೇಕು? ಇಂಥ ರಿಪೋರ್ಟ್ ನೋಡಿದವರು ದಯವಿಟ್ಟು ಹೇಳಿ.

ಅಮ್ಮನನ್ನು ನೋಡಿಕೊಂಡ ಮಗ

ನಮ್ಮ ಅಮ್ಮನ ರಿಪೋರ್ಟಿನಲ್ಲೂ ಇದೇ ಎರಡು ಸಾಲು ಇದ್ದವು. ಮೊದಲು ಒಂದು ಮಾತು: ಅದನ್ನು ಓದುವ ಮೊದಲು ಹಿಂದಿನ ಪುಟಕ್ಕೆ ಹೋಗಿ. ಗಡ್ಡೆ ಜಠರದ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ, ಎಷ್ಟು ಲಿಂಫ್ ನೋಡ್ (ದುಗ್ಧ ಗ್ರಂಥಿ) ತೆಗೆದರು, ಅದರಲ್ಲಿ ಎಷ್ಟರಲ್ಲಿ ಕ್ಯಾನ್ಸರ್ ಇತ್ತು, ಕತ್ತರಿಸಿದ ಅಂಚು ಸ್ವಚ್ಛವಾಗಿದೆಯಾ ಎಂಬುದೆಲ್ಲ ಅಲ್ಲಿರುತ್ತದೆ. ಮುಂದೆ ಹೇಗೆ ಎಂಬ ಪ್ರಶ್ನೆಗೆ ಮುಕ್ಕಾಲು ಪಾಲು ಉತ್ತರ ಇರುವುದು ಅಲ್ಲೇ. ಕಡಿಮೆ ಅಂದರೆ 16 ನೋಡ್ ನೋಡಿರಬೇಕು ಅನ್ನುತ್ತಾರೆ. ಅದಕ್ಕಿಂತ ಕಡಿಮೆ ಇದ್ದರೆ ಸ್ಟೇಜ್ ಲೆಕ್ಕವೇ ಸಡಿಲ.

ಆಮೇಲೆ ಮೀಥೈಲೇಶನ್. ನಮ್ಮ ಆಂಕಾಲಜಿಸ್ಟ್ ಅದನ್ನು ಆಯಸ್ಸು ಅಳೆಯಲು ಹಿಡಿಯಲೇ ಇಲ್ಲ. “ಕೀಮೋ ಕೊಡಬೇಕಾ ಬೇಡವಾ ಅಂತ ಇದರಿಂದ ಯೋಚನೆ ಬದಲಾಗುತ್ತದೆ” ಅಂದರು. ಆವತ್ತಿನಿಂದ ನಾನೂ ಯಾವ ಟೆಸ್ಟ್ ಬಂದರೂ ಅದೊಂದನ್ನೇ ಕೇಳುತ್ತೇನೆ. ಇದರಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?

ಪೆಥಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುವವರು

ಆ ಸಾಲು ಹೇಗೆ ಬಂತು ಅಂತ ಹೇಳುತ್ತೇನೆ, ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಜೀವಕೋಶ ಒಡೆದು ಎರಡಾಗುವಾಗ ಡಿಎನ್‌ಎ ನಕಲಾಗುತ್ತದೆ. ನಕಲಿನಲ್ಲಿ ತಪ್ಪು ಆಗುವುದು ಮಾಮೂಲು. ಅದನ್ನು ತಿದ್ದುವ ನಾಲ್ಕು ಮುಖ್ಯ ಪ್ರೋಟೀನುಗಳಿಗೆ ನಾವು ಬಣ್ಣ ಹಾಕಿ ನೋಡುತ್ತೇವೆ: ಎಂಎಲ್‌ಎಚ್-1, ಪಿಎಂಎಸ್-2, ಎಂಎಸ್‌ಎಚ್-2, ಎಂಎಸ್‌ಎಚ್-6. ಪ್ರೋಟೀನ್ ಇದ್ದರೆ ಕೋಶದ ನ್ಯೂಕ್ಲಿಯಸ್ ಕಂದು ಬಣ್ಣ. ಇಲ್ಲದಿದ್ದರೆ ಬರೀ ನೀಲಿ. ನಿಮ್ಮ ತಂದೆಯ ಸ್ಲೈಡಿನಲ್ಲಿ ಗಡ್ಡೆಯ ಕೋಶಗಳೆಲ್ಲ ನೀಲಿಯಾಗಿ ನಿಂತಿರುತ್ತವೆ, ಅವುಗಳ ಮಧ್ಯೆ ನುಗ್ಗಿದ ಚಿಕ್ಕ ಚಿಕ್ಕ ರಕ್ಷಣಾ ಕೋಶಗಳು, ಅಂದರೆ ಲಿಂಫೋಸೈಟ್‌ಗಳು ಮಾತ್ರ ಕಂದಾಗಿ ಕಾಣುತ್ತವೆ. ಆ ಕಂದು ಕಂಡರೆ ಬಣ್ಣ ಸರಿಯಾಗಿ ಹಿಡಿದಿದೆ ಅಂತ ನಮಗೆ ಖಾತ್ರಿ. ಅದೂ ಕಾಣದಿದ್ದರೆ ‘ಲಾಸ್’ ಅಂತ ಬರೆಯುವುದಿಲ್ಲ, ಸ್ಲೈಡ್ ಮತ್ತೆ ಮಾಡುತ್ತೇವೆ. ಇನ್ನು ಪಿಎಂಎಸ್-2 ಒಂಟಿಯಾಗಿ ಉಳಿಯುವುದಿಲ್ಲ. ಎಂಎಲ್‌ಎಚ್-1 ಹೋದರೆ ಅದೂ ಹೋಗುತ್ತದೆ. ಹಾಗಾಗಿ ಎರಡು ಹೆಸರು ನೋಡಿ ಎರಡು ತೊಂದರೆ ಅಂದುಕೊಳ್ಳಬೇಡಿ.

ಎಂಎಲ್‌ಎಚ್-1 ಯಾಕೆ ಹೋಯಿತು? ಜೀನಿನ ಅಕ್ಷರ ಕೆಟ್ಟಿರಬಹುದು. ಇಲ್ಲವೇ ಅಕ್ಷರ ಸರಿಯಿದ್ದೂ ಜೀನಿನ ಶುರುವಿನ ಭಾಗಕ್ಕೆ (ಪ್ರೊಮೋಟರ್ ಅನ್ನುವುದು ಇದನ್ನೇ) ಮೀಥೈಲ್ ಗುಂಪುಗಳು ಅಂಟಿಕೊಂಡು ಅದು ಮುಚ್ಚಿಹೋಗಿರಬಹುದು. ಪುಸ್ತಕದಲ್ಲಿ ಎರಡು ಹಾಳೆ ಅಂಟಿಕೊಂಡ ಹಾಗೆ. ಬರಹ ಹಾಗೇ ಇದೆ, ಓದಲು ಬರುವುದಿಲ್ಲ. ಎಪಿಜೆನೆಟಿಕ್ ಅನ್ನುವುದು ಇಂಥದ್ದಕ್ಕೇ. ಹೊಟ್ಟೆ ಕ್ಯಾನ್ಸರಿನಲ್ಲಿ ಎಂಎಲ್‌ಎಚ್-1 ಹೋಗುವುದು ಹೆಚ್ಚಾಗಿ ಈ ಎರಡನೇ ದಾರಿಯಲ್ಲಿ. ವಯಸ್ಸಾದವರಲ್ಲಿ, ಜಠರದ ಕೆಳಭಾಗದ ಗಡ್ಡೆಗಳಲ್ಲಿ ಇದು ಹೆಚ್ಚು ಕಾಣುತ್ತದೆ. ನಿಮ್ಮ ತಂದೆಯ ವಿವರ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಮಕ್ಕಳಿಗೆ ಬರುತ್ತದಾ ಅಂದಿರಿ. ಮೀಥೈಲೇಶನ್ ಗಡ್ಡೆಯಲ್ಲಿ ಆಗಿರುವುದು. ಸಾಮಾನ್ಯವಾಗಿ ಅದು ಮಕ್ಕಳಿಗೆ ದಾಟುವುದಿಲ್ಲ. ನಿಜ ಹೇಳಬೇಕೆಂದರೆ, ಪಾಸಿಟಿವ್ ಬಂದರೆ ಲಿಂಚ್ ಸಿಂಡ್ರೋಮ್ ಎಂಬ ವಂಶದ ಕಾಯಿಲೆಯ ಅನುಮಾನ ಕಡಿಮೆಯಾಗುತ್ತದೆ. ಆದರೆ ಮನೆಯಲ್ಲಿ ಚಿಕ್ಕ ವಯಸ್ಸಿಗೇ ದೊಡ್ಡಕರುಳು ಅಥವಾ ಗರ್ಭಕೋಶದ ಕ್ಯಾನ್ಸರ್ ಆದವರಿದ್ದರೆ ಜೆನೆಟಿಕ್ ಕೌನ್ಸೆಲಿಂಗ್ ಬಿಡಬೇಡಿ.

ಅಂಕಿಅಂಶದ ಕೆಲಸದವರು

ನೀವು ಓದಿದ ಎರಡೂ ಕಡೆಯವರು ಸುಳ್ಳು ಹೇಳಿಲ್ಲ. ಅವರು ಮಾತಾಡುತ್ತಿರುವುದು ಬೇರೆ ಬೇರೆ ಗಡ್ಡೆಗಳ ಬಗ್ಗೆ, ಅಷ್ಟೇ.

2014ರಲ್ಲಿ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ತಂಡ 295 ಹೊಟ್ಟೆ ಗಡ್ಡೆಗಳನ್ನು ಪರೀಕ್ಷಿಸಿ ನಾಲ್ಕು ಗುಂಪು ಮಾಡಿತು. ಎಪ್‌ಸ್ಟೀನ್-ಬಾರ್ ವೈರಸ್ ಇರುವವು ಸುಮಾರು 9%. ನಕಲಿನ ತಪ್ಪು ತಿದ್ದಲಾಗದವು, ಅಂದರೆ ಎಂಎಸ್‌ಐ ಗುಂಪು, 22%. ಎಂಎಲ್‌ಎಚ್-1 ಹೋದ ಗಡ್ಡೆಗಳು ಬರುವುದು ಇದರಲ್ಲೇ. ಉಳಿದವು ಇನ್ನೆರಡು ಗುಂಪಿಗೆ ಹೋದವು. ಮೀಥೈಲೇಶನ್ ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ವೈರಸ್ ಗುಂಪಿನಲ್ಲಿ. ಎಂಎಸ್‌ಐ ಗುಂಪಿನಲ್ಲೂ ಜಾಸ್ತಿಯೇ. ಆದರೆ ಒಟ್ಟಾರೆ ನೋಡಿದರೆ ಚೆನ್ನಾಗಿ ಬದುಕುವವರು ಹೆಚ್ಚಿರುವುದು ಈ ಎರಡು ಗುಂಪಿನಲ್ಲೇ! ಹಾಗಾದರೆ ‘ಮೀಥೈಲೇಶನ್ ಜಾಸ್ತಿ ಅಂದರೆ ಕೆಟ್ಟದ್ದು’ ಎಂಬ ಮಾತು ನಿಲ್ಲುವುದಿಲ್ಲ ಅಲ್ವಾ? ಯಾವ ಜೀನ್ ಮುಚ್ಚಿದೆ, ಮುಚ್ಚಿದ್ದರಿಂದ ಏನಾಯಿತು ಅಂತ ನೋಡಬೇಕು. ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪ್ರೋಟೀನಿನ ಜೀನ್ ಸಿಡಿಎಚ್-1. ಅದು ಮುಚ್ಚಿದರೆ ಕೋಶಗಳು ಬಿಡಿಬಿಡಿಯಾಗಿ ಹರಡಲು ದಾರಿಯಾಗುತ್ತದೆ. ಎಂಎಲ್‌ಎಚ್-1 ಮುಚ್ಚಿದರೆ ಗಡ್ಡೆಯಲ್ಲಿ ತಪ್ಪುಗಳು ಗುಡ್ಡೆ ಬೀಳುತ್ತವೆ, ವಿಚಿತ್ರ ಪ್ರೋಟೀನುಗಳು ತಯಾರಾಗುತ್ತವೆ, ದೇಹದ ರಕ್ಷಣಾ ಕೋಶಗಳಿಗೆ ಅದು ಬೇಗ ಕಣ್ಣಿಗೆ ಬೀಳುತ್ತದೆ. ಮೇಲಿನವರು ಹೇಳಿದ, ಗಡ್ಡೆಯೊಳಗೆ ನುಗ್ಗಿದ ಲಿಂಫೋಸೈಟ್‌ಗಳು ನೆನಪಿರಲಿ.

2019ರಲ್ಲಿ ನಾಲ್ಕು ಟ್ರಯಲ್‌ಗಳ ಮಾಹಿತಿ ಕೂಡಿಸಿ ಲೆಕ್ಕ ಹಾಕಿದರು. ಆಪರೇಶನ್ ಆದವರು, ಒಟ್ಟು 1,556 ಜನ. ಐದು ವರ್ಷದ ನಂತರ ಬದುಕಿದ್ದವರು ಎಂಎಸ್‌ಐ ಹೆಚ್ಚಿದ್ದವರಲ್ಲಿ 77.5%, ಉಳಿದವರಲ್ಲಿ 59.3%. ಆಗ ಬಳಸುತ್ತಿದ್ದ ಕೀಮೋದಿಂದ ಎಂಎಸ್‌ಐ ಗುಂಪಿಗೆ ಲಾಭ ಕಾಣಲಿಲ್ಲ. ಆದರೆ ಆ ಗುಂಪಿನಲ್ಲಿದ್ದವರು 121 ಜನ ಮಾತ್ರ. ಚಿಕ್ಕ ಗುಂಪು. ಅದಕ್ಕೇ ಡಾಕ್ಟರುಗಳು ಇನ್ನೂ ಎಚ್ಚರಿಕೆಯಿಂದ ಮಾತಾಡುತ್ತಾರೆ. ಎಂಎಸ್‌ಐ ಇದ್ದರೂ ನೋಡ್‌ಗಳಲ್ಲಿ ತುಂಬಾ ಹರಡಿದ್ದರೆ ಕಾಯಿಲೆ ಮರಳಬಹುದು.

ಒಂದೊಂದೇ ಜೀನ್ ಹಿಡಿದು ‘ಇದು ಮೀಥೈಲ್ ಆದವರು ಬೇಗ ಸಾಯುತ್ತಾರೆ’ ಅನ್ನುವ ಲೇಖನಗಳು ರಾಶಿ ಇವೆ. ನಾನು ಅಲ್ಲಿ ಮೊದಲು ಹುಡುಕುವುದು ಒಂದನ್ನೇ. ಸ್ಟೇಜ್ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ವ್ಯತ್ಯಾಸ ಉಳಿಯಿತಾ? ಇದೇ ಮಾತು ಬೇರೆ ಆಸ್ಪತ್ರೆಯ ರೋಗಿಗಳಲ್ಲೂ ನಿಜವಾಯಿತಾ? ಹೆಚ್ಚಿನವು ಇಲ್ಲೇ ಜಾರುತ್ತವೆ. ಅಂಥ ಗ್ರಾಫ್ ನೋಡಿ ರಾತ್ರಿ ನಿದ್ದೆ ಕೆಡಿಸಿಕೊಳ್ಳುವಷ್ಟು ಬೆಲೆ ಅವಕ್ಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಸ್ವತಃ ರೋಗಿ

ನನ್ನದು ಎಂಎಸ್‌ಐ ಅಲ್ಲ. ನಾಲ್ಕೂ ಪ್ರೋಟೀನ್ ಇದ್ದವು. ಈ ಮಾತುಕತೆ ಓದಿ ‘ಹಾಗಾದರೆ ನಮ್ಮ ಗತಿ?’ ಅಂದುಕೊಳ್ಳುವವರಿಗಾಗಿ ಬರೆಯುತ್ತಿದ್ದೇನೆ. ನನಗೆ ಆಪರೇಶನ್ನಿನ ಹಿಂದೆ ಮುಂದೆ ನಾಲ್ಕು ಔಷಧಿಯ ಎಫ್‌ಎಲ್‌ಒಟಿ ಕೀಮೋ ಆಯಿತು. ಸುಸ್ತು ಅಂದರೆ ಸುಸ್ತು. ಆದರೆ 2019ರಲ್ಲಿ ಬಂದ ದೊಡ್ಡ ಟ್ರಯಲ್ಲಿನಲ್ಲಿ ಹಳೆಯ ಕೀಮೋ ತೆಗೆದುಕೊಂಡವರ ಮಧ್ಯಕ ಆಯಸ್ಸು 35 ತಿಂಗಳು, ಇದನ್ನು ತೆಗೆದುಕೊಂಡವರದ್ದು 50 ತಿಂಗಳು. ಮಧ್ಯಕ ಅಂದರೆ ಅರ್ಧ ಜನ ಅದನ್ನೂ ದಾಟಿದ್ದಾರೆ ಅಂತ. ನಾನು ಈಗ ಆ ಅರ್ಧದಲ್ಲಿದ್ದೇನೆ.

ಇನ್ನೊಂದು ವಿಷಯ. ಜಠರ ಪೂರ್ತಿ ತೆಗೆದಿದ್ದರೆ ಬಿ-12 ಇಂಜೆಕ್ಷನ್ ಬಗ್ಗೆ ಕೇಳಿ. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ ತಿನ್ನಿಸಿ. ತೂಕ ಬರೆದಿಡಿ. ಮಾರ್ಕರ್ ಚರ್ಚೆಯ ಗಲಾಟೆಯಲ್ಲಿ ಇದನ್ನು ಯಾರೂ ಕೇಳುವುದೇ ಇಲ್ಲ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಿಂದಿನ ಪುಟ ನೋಡಿದೆ. ಅಂಚು ಸ್ವಚ್ಛ ಇದೆ. ಎರಡು ನೋಡ್‌ನಲ್ಲಿ ಕ್ಯಾನ್ಸರ್ ಇದೆ. ಒಂದು ಸಂಶಯ ಉಳಿಯಿತು. ಮುಂದೆ ಒಂದು ವೇಳೆ ಮರಳಿ ಬಂದರೆ ಈ ಮಾರ್ಕರ್ ಉಪಯೋಗಕ್ಕೆ ಬರುತ್ತದಾ?

ಅಮ್ಮನನ್ನು ನೋಡಿಕೊಂಡ ಮಗ

ಬರುತ್ತದೆ, ಅದೇ ಇದರ ದೊಡ್ಡ ಉಪಯೋಗ. ಎಂಎಸ್‌ಐ ಹೆಚ್ಚಿರುವ ಗಡ್ಡೆಗಳಿಗೆ ಇಮ್ಯುನೊಥೆರಪಿ (ದೇಹದ ರಕ್ಷಣಾ ಕೋಶಗಳನ್ನೇ ಗಡ್ಡೆಯ ಮೇಲೆ ಎಬ್ಬಿಸುವ ಚಿಕಿತ್ಸೆ) ಚೆನ್ನಾಗಿ ಕೆಲಸ ಮಾಡುತ್ತದೆ. ಪೆಂಬ್ರೊಲಿಜುಮ್ಯಾಬ್ ಎಂಬ ಅಂಥ ಔಷಧಿಗೆ ಅಮೆರಿಕದಲ್ಲಿ 2017ರಲ್ಲೇ ಒಪ್ಪಿಗೆ ಸಿಕ್ಕಿತು, ಕ್ಯಾನ್ಸರ್ ಯಾವ ಅಂಗದ್ದೇ ಇರಲಿ, ಎಂಎಸ್‌ಐ ಹೆಚ್ಚಿದ್ದು, ಹರಡಿ, ಮೊದಲಿನ ಚಿಕಿತ್ಸೆಗೆ ಬಗ್ಗದಿದ್ದರೆ ಕೊಡಬಹುದು ಅಂತ. ಎಲ್ಲರಿಗೂ ಹಿಡಿಯುವುದಿಲ್ಲ, ಅಡ್ಡಪರಿಣಾಮವೂ ಇದೆ. ಆದರೂ ಅದೊಂದು ದಾರಿ ಕೈಯಲ್ಲಿರುತ್ತದೆ. ಅದಕ್ಕೇ ಆ ರಿಪೋರ್ಟ್ ಜೋಪಾನ. ಗಡ್ಡೆಯ ಬ್ಲಾಕ್ (ಮೇಣದಲ್ಲಿ ಕೂಡಿಸಿಟ್ಟ ಗಡ್ಡೆಯ ತುಂಡು) ಲ್ಯಾಬಿನಲ್ಲಿ ಎಷ್ಟು ವರ್ಷ ಇಡುತ್ತಾರೆ ಅಂತಲೂ ಕೇಳಿಕೊಳ್ಳಿ.

ಪೆಥಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುವವರು

ಮಕ್ಕಳ ವಿಷಯದಲ್ಲಿ ಒಂದು ಬಿಟ್ಟುಹೋಗಿತ್ತು. ನೀವು, ನಿಮ್ಮ ಒಡಹುಟ್ಟಿದವರು ಹೆಲಿಕೋಬ್ಯಾಕ್ಟರ್ ಪೈಲೋರಿ ಟೆಸ್ಟ್ ಮಾಡಿಸಿಕೊಳ್ಳಿ. ಈ ಬ್ಯಾಕ್ಟೀರಿಯಾ ಜಠರದ ಒಳಪದರದಲ್ಲಿ ವರ್ಷಗಟ್ಟಲೆ ಉರಿಯೂತ ಇಟ್ಟು, ಕ್ಯಾನ್ಸರ್ ಕಾಣುವ ಮೊದಲೇ ಅಲ್ಲಿ ಮೀಥೈಲೇಶನ್ ಹೆಚ್ಚಿಸುತ್ತದೆ. ಬ್ಯಾಕ್ಟೀರಿಯಾ ಹೋದ ಮೇಲೆ ಅದು ಸ್ವಲ್ಪ ಇಳಿಯುತ್ತದೆ, ಪೂರ್ತಿ ಅಲ್ಲ. ಹಾಗಾಗಿ ಬೇಗ ಮಾಡಿಸಿದಷ್ಟು ಒಳ್ಳೆಯದು. ಕೊರಿಯಾದಲ್ಲಿ ಹೊಟ್ಟೆ ಕ್ಯಾನ್ಸರ್ ರೋಗಿಗಳ ಹತ್ತಿರದ ಸಂಬಂಧಿಕರ ಮೇಲೆ ನಡೆದ ಟ್ರಯಲ್ 2020ರಲ್ಲಿ ಬಂತು. ಸುಮಾರು ಒಂಬತ್ತು ವರ್ಷದಲ್ಲಿ ಕ್ಯಾನ್ಸರ್ ಆದದ್ದು ಪೈಲೋರಿ ಚಿಕಿತ್ಸೆ ಪಡೆದವರಲ್ಲಿ 1.2%, ಪಡೆಯದವರಲ್ಲಿ 2.7%. ಉಸಿರಿನ ಅಥವಾ ಮಲದ ಟೆಸ್ಟ್ ಸಾಕು. ಗ್ಯಾಸಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಟೆಸ್ಟಿಗೆ ಮೊದಲೇ ಹೇಳಿ. ಎರಡು ವಾರ ಬಿಟ್ಟಿರಬೇಕಾಗುತ್ತದೆ, ಇಲ್ಲದಿದ್ದರೆ ಇದ್ದರೂ ಇಲ್ಲ ಅಂತ ಬರಬಹುದು.