ಸಣ್ಣ ಪ್ರೆಸ್ಸಿನಲ್ಲಿ ಫೈಲ್ ಹಂಚಿಕೊಳ್ಳಲು ಸಾಂಬಾನಾ, ಎನ್‌ಎಫ್‌ಎಸ್ಸಾ?

ರಥಬೀದಿ_ಪ್ರೆಸ್
ಉಡುಪಿಯಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಮೂರು ವಿಂಡೋಸ್, ಒಂದು ಮ್ಯಾಕ್, ಒಂದು ಉಬುಂಟು (ಲಿನಕ್ಸ್) ಕಂಪ್ಯೂಟರ್. ಈಗ ಎಲ್ಲ ಪೆನ್‌ಡ್ರೈವಿನಲ್ಲೇ ಓಡಾಟ. ಮೊನ್ನೆ ಬ್ರಹ್ಮಕಲಶೋತ್ಸವದ ಆಮಂತ್ರಣ ತಿದ್ದಿದ್ದು ಒಂದು ಪೆನ್‌ಡ್ರೈವಿನಲ್ಲಿ, ಪ್ಲೇಟಿಗೆ ಹೋದದ್ದು ಇನ್ನೊಂದರಿಂದ. ಅನ್ನಸಂತರ್ಪಣೆಯ ಹೊತ್ತೇ ತಪ್ಪು. 2000 ಪ್ರತಿ ರದ್ದಿಗೆ ಹೋಯಿತು. ಇನ್ನು ಉಬುಂಟುವಿಗೆ ದೊಡ್ಡ ಡಿಸ್ಕ್ ಹಾಕಿ ಎಲ್ಲವನ್ನೂ ಅಲ್ಲೇ ಇಡುವ ಯೋಚನೆ. ಲಿನಕ್ಸಿನವರು ನೆಟ್‌ವರ್ಕಿನಲ್ಲಿ ಫೈಲ್ ಹಂಚಲು ಬಳಸುವ ಎನ್‌ಎಫ್‌ಎಸ್ ವೇಗ ಅಂತಾರೆ, ಫೈಲ್ ಕಳಿಸಿ ತರಿಸುವ ಎಫ್‌ಟಿಪಿ ಸುಲಭ ಅಂತಾರೆ. ಹಳೆಯ ಸ್ಕ್ಯಾನರ್ ಬೇರೆ ಉಂಟು, ಶೇರ್ ಫೋಲ್ಡರಿಗೆ ಕಳಿಸುವಂಥದ್ದು.

ಕಡಲಗಾಳಿ
ಸಾಂಬಾ ಹಾಕಿ ಮಾರಾಯ್ರೆ, ಲಿನಕ್ಸಿಗೆ ವಿಂಡೋಸಿನ ಹಾಗೆ ಫೈಲ್ ಹಂಚಲು ಕಲಿಸುವ ಸಾಫ್ಟ್‌ವೇರ್ ಅದು. ಫೈಲ್ ಹಂಚುವ ವಿಂಡೋಸಿನ ಭಾಷೆಯೇ ಎಸ್‌ಎಂಬಿ, ಮ್ಯಾಕ್ ಕೂಡ 2013ರಿಂದ ಅದನ್ನೇ ಮೊದಲು ಹಿಡಿಯುತ್ತದೆ. ವಿಂಡೋಸ್ ಹೋಂನಲ್ಲಿ ಎನ್‌ಎಫ್‌ಎಸ್ ಕ್ಲೈಂಟೇ ಇಲ್ಲ. ಎಫ್‌ಟಿಪಿಯಲ್ಲಿ ಫೈಲ್ ಇಳಿಸಿ, ತಿದ್ದಿ, ಮತ್ತೆ ಏರಿಸಬೇಕು. ಅದೂ ಪೆನ್‌ಡ್ರೈವ್ ಕಥೆಯೇ ಅಲ್ವಾ?

ಮಂಗಳೂರಿನ ಒಂದು ಸ್ಟುಡಿಯೋದಲ್ಲಿ ಬರೀ ಲಿನಕ್ಸ್ ಅಂತ ಎನ್‌ಎಫ್‌ಎಸ್ ಹಾಕಿಕೊಟ್ಟಿದ್ದೆ. ಮಾಮೂಲಿ ಸೆಟಪ್‌ನಲ್ಲಿ ಅದು ಪಾಸ್‌ವರ್ಡ್ ಕೇಳುವುದಿಲ್ಲ, ಯೂಸರ್ ನಂಬರ್ ಮಾತ್ರ ನೋಡುತ್ತದೆ. ಉಬುಂಟುವಿನಲ್ಲಿ ಮೊದಲ ಯೂಸರ್ ಎಲ್ಲ ಕಡೆ 1000. ಒಬ್ಬರ ಮದುವೆ ಫೋಟೋವನ್ನು ಇನ್ನೊಬ್ಬ ಆರಾಮಾಗಿ ಅಳಿಸಿದ. ಸಿಡಿಲಿಗೆ ಕರೆಂಟ್ ಹೋಗಿ ಸರ್ವರ್ ನಿಂತರೆ ಯುಪಿಎಸ್ ಮೇಲಿದ್ದ ಮೆಷಿನ್‌ಗಳೂ ಅದು ಬರುವವರೆಗೆ ಕಾಯುತ್ತಾ ಕೂತಿರುತ್ತಿದ್ದವು.

ವೇಗ ಬೇಕಾದರೆ ಮೊದಲು ಕೇಬಲ್ ನೋಡಿ. ಅಲ್ಲೂ ಒಂದು ಮೆಷಿನ್ ಮಾತ್ರ ನಿಧಾನ. ಗಿಗಾಬಿಟ್ ಸ್ವಿಚ್, ಅಂದರೆ 1000 ಮೆಗಾಬಿಟ್ ಬರಬೇಕು, ಆದರೆ ಲಿಂಕ್ 100 ತೋರಿಸುತ್ತಿತ್ತು. ತುದಿ ಬಿಚ್ಚಿ ನೋಡಿದರೆ ಪಿನ್ನಿಗೆ ಹಸಿರು ಕಿಲುಬು. ನಮ್ಮ ಉಪ್ಪು ಗಾಳಿ! ಕತ್ತರಿಸಿ ಹೊಸ ಕನೆಕ್ಟರ್ ಒತ್ತಿದೆ. ಸೆಕೆಂಡಿಗೆ 11 ಎಂಬಿ ಹೋಗುತ್ತಿದ್ದದ್ದು 100 ದಾಟಿತು. ಪ್ರೊಟೊಕಾಲ್ ಬದಲಿಸಿದರೆ ಅಷ್ಟು ಸಿಗುತ್ತಿರಲಿಲ್ಲ.

ಸ್ಕ್ಯಾನರಿಗೆ ಎಸ್‌ಎಂಬಿಯ ಹಳೇ ಆವೃತ್ತಿ ಎಸ್‌ಎಂಬಿ1 ಮಾತ್ರ ಬರುವುದಾದರೆ ಅದಕ್ಕಾಗಿ ಸರ್ವರಿನಲ್ಲಿ ಆ ಬಾಗಿಲು ತೆರೆಯಬೇಡಿ. 2017ರ ಮೇಯಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ನುಗ್ಗಿದ್ದು ಅದರಿಂದಲೇ. ಎಫ್‌ಟಿಪಿಗೆ ಇಲ್ಲಿ ಕೆಲಸ ಉಂಟು: ಸ್ಕ್ಯಾನರಿಗೊಂದು ಬೇರೆ ಯೂಸರ್, ಒಂದೇ ಫೋಲ್ಡರ್. ಪಾಸ್‌ವರ್ಡ್ ಬಿಚ್ಚಿಟ್ಟೇ ಹೋಗುತ್ತದೆ, ಹಾಗಾಗಿ ಪ್ರೆಸ್ಸಿನ ಒಳಗೇ ಇರಲಿ.

ಸ್ವಿಚ್_ಸಾಲಿಗ್ರಾಮ
ಸಾಂಬಾದಲ್ಲಿ ಗೆಸ್ಟ್ ಶೇರ್ ಮಾಡಬೇಡಿ. ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿ ಪಾಸ್‌ವರ್ಡ್ ಇಲ್ಲದ್ದನ್ನು ತಾನಾಗಿ ಒಪ್ಪುವುದಿಲ್ಲ. ನಾನು ಅರ್ಧ ದಿನ ಸುಮ್ನೆ ಫೈರ್‌ವಾಲನ್ನು ಬೈದೆ.

ರಥಬೀದಿ_ಪ್ರೆಸ್
ಸ್ಕ್ಯಾನರಿನ ಮೆನುವಿನಲ್ಲಿ ಎಫ್‌ಟಿಪಿ ಉಂಟು ಸರ್. ಕೇಬಲ್ ನೋಡಿದೆ, ಮ್ಯಾಕಿನದ್ದು ಮಾತ್ರ 100. ಕಿಟಕಿ ಪಕ್ಕದ್ದು ಅದೊಂದೇ. ಕ್ರಿಂಪಿಂಗ್ ಟೂಲ್ ತರಲು ಹೊರಟೆ.